ಒಂದು ನಿಮಿಷಕ್ಕೆ ಒಂದು ಗಂಟೆ: ಕ್ಯೂಬಾ ಬಿಕ್ಕಟ್ಟನ್ನು ತರಗತಿಯಲ್ಲಿ ಆಡಿಸುವ ಬಗೆ

ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಇಟ್ಟ ಅಣುಕ್ಷಿಪಣಿಗಳಿಂದಾಗಿ 1962ರ ಅಕ್ಟೋಬರ್‌ನಲ್ಲಿ ಅದೂ ಅಮೆರಿಕವೂ ಯುದ್ಧದಂಚಿಗೆ ಬಂದ ಬಿಕ್ಕಟ್ಟನ್ನು ನಾನು ತರಗತಿಯಲ್ಲಿ ಆಟವಾಗಿ ಆಡಿಸುತ್ತೇನೆ, ತಂಡಗಳಿಗೆ ಮಾಹಿತಿ ಲಕೋಟೆಯಲ್ಲಿ ಕೊಡುತ್ತೇನೆ. ಐದು ಮಾರ್ಕಿನ ಪ್ರಶ್ನೆಗೆ ಇಷ್ಟೆಲ್ಲ ನಾಟಕ ಬೇಕಾ ಅಂದವರೇ ಈಗ ಲಕೋಟೆಗಳ ಸೆಟ್ ಕೊಡಿ ಅನ್ನುತ್ತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಶೀತಲ ಸಮರದ ಹಿನ್ನೆಲೆ, ಅಮೆರಿಕದ ಅಧ್ಯಕ್ಷ ಕೆನಡಿಯ ಸಲಹಾ ಗುಂಪಾದ ಎಕ್ಸ್‌ಕಾಮ್‌ನಲ್ಲಿ ಯಾರ್ಯಾರಿದ್ದರು ಎಂಬುದು ಪಾಠ ಮಾಡುವವರಿಗೆಲ್ಲ ಗೊತ್ತು, ಅದರ ಗೊಡವೆ ಬೇಡ.

ಪಾತ್ರ ಹಂಚಿ ಮಾತಾಡಿಸುವ ಆಟ ನೆಗೆದುಬೀಳುವುದು ಒಂದೇ ಕಾರಣಕ್ಕೆ. ಕೆನಡಿ, ಸೋವಿಯತ್ ನಾಯಕ ಕ್ರುಶ್ಚೇವ್ ಎದುರುಬದುರು ಕೂತರೆ ಹತ್ತು ನಿಮಿಷದಲ್ಲಿ ರಾಜಿ: ನೀವು ಕ್ಯೂಬಾದಿಂದ ತೆಗೀರಿ, ನಾವು ಟರ್ಕಿಯಿಂದ ತೆಗೀತೀವಿ. 1962ರಲ್ಲಿ ಅಷ್ಟು ಸಲೀಸಾಗಿ ಆಗದಿರಲು ಒಂದು ದೊಡ್ಡ ಕಾರಣ ಅಂಚೆ. ವಾಷಿಂಗ್ಟನ್‌ನ ಸೋವಿಯತ್ ರಾಯಭಾರಿ ಡೊಬ್ರಿನಿನ್ ಗುಪ್ತಲಿಪಿಯ ತಂತಿ ಬರೆದಿಟ್ಟರೆ ವೆಸ್ಟರ್ನ್ ಯೂನಿಯನ್ ಹುಡುಗ ಸೈಕಲ್ಲಿನಲ್ಲಿ ಬಂದು ಒಯ್ಯಬೇಕಿತ್ತು. ಅದಕ್ಕೇ ನನ್ನ ಆಟದಲ್ಲಿ ಮುಖ್ಯ ಪಾತ್ರ ಕೆನಡಿಯದಲ್ಲ, ಅಂಚೆಯವನದು.

ಕಾಲದ ಲೆಕ್ಕ ಹೀಗೆ. ಕ್ಯೂಬಾಗೆ ಅಮೆರಿಕ ಹಾಕಿದ ನೌಕಾ ದಿಗ್ಬಂಧನ ಜಾರಿಗೆ ಬಂದದ್ದು ಅಕ್ಟೋಬರ್ 24, ವಾಷಿಂಗ್ಟನ್ ಬೆಳಿಗ್ಗೆ 10ಕ್ಕೆ. ಕ್ಷಿಪಣಿ ವಾಪಸ್ ಎಂದು ಮಾಸ್ಕೋ ರೇಡಿಯೊ ಸಾರಿದ್ದು 28ರ ವಾಷಿಂಗ್ಟನ್ ಬೆಳಿಗ್ಗೆ 9ಕ್ಕೆ. 95 ಗಂಟೆ ಅನ್ನಿಸುತ್ತದೆ, ಆದರೆ ಆ ರಾತ್ರಿಯೇ ವಾಷಿಂಗ್ಟನ್‌ನಲ್ಲಿ ಬೇಸಿಗೆ ಸಮಯ (ಬೇಸಿಗೆಗೆಂದು ಗಡಿಯಾರ ಒಂದು ಗಂಟೆ ಮುಂದಿಡುವ ಪದ್ಧತಿ) ಮುಗಿದು ಗಡಿಯಾರ ಒಂದು ಗಂಟೆ ಹಿಂದೆ ಹೋಗಿತ್ತು. ಹಾಗಾಗಿ ಸರಿಯಾಗಿ 96. ಗಂಟೆಗೊಂದು ನಿಮಿಷ ಹಿಡಿದರೆ 96 ನಿಮಿಷ, ಎರಡು ಪಿರಿಯಡ್ ಕ್ಲಬ್ ಮಾಡಿದರೆ ಸಾಕು, ಕೂರಿಸಲಿಕ್ಕೂ ಸಮಯ ಮಿಗುತ್ತದೆ. ಎರಡು ಅಗ್ಗದ ಗೋಡೆ ಗಡಿಯಾರ ತಂದು ಸೆಲ್ ತೆಗೆದು, ನಿಮಿಷಕ್ಕೊಮ್ಮೆ ಮುಳ್ಳನ್ನು ಕೈಯಲ್ಲೇ ಒಂದು ಗಂಟೆ ಮುಂದಕ್ಕೆ ತಳ್ಳಿಸುತ್ತೇನೆ. ಮಾಸ್ಕೋ 7 ಗಂಟೆ ಮುಂದೆ. 88ನೇ ನಿಮಿಷಕ್ಕೆ ವಾಷಿಂಗ್ಟನ್ ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕು, ಅಲ್ಲಿಂದ ಅಂತರ 8. ಇದನ್ನು ಮರೆತರೆ ಕೊನೆಯ ರೇಡಿಯೊ ಸುದ್ದಿ ಒಂದು ನಿಮಿಷ ಮೊದಲೇ ಬಂದು ಗಲಾಟೆ ಆಗುತ್ತದೆ.

ನಲವತ್ತು ಮಕ್ಕಳಿದ್ದರೆ ವಾಷಿಂಗ್ಟನ್‌ಗೆ 14, ಮಾಸ್ಕೋಗೆ 12, ಕ್ಯೂಬಾದ ರಾಜಧಾನಿ ಹವಾನಾಗೆ 5, ಜಲಾಂತರ್ಗಾಮಿಗೆ 3, ಅಂಚೆಗೆ 4, ರೇಡಿಯೊಗೆ ಒಬ್ಬ. ಉಳಿದವನ ವಿಷಯ ಆಮೇಲೆ. ಕೊಠಡಿ ಬೇರೆ ಬೇರೆಯೇ ಆಗಬೇಕು. ಪರದೆ ಕಟ್ಟಿದರೆ ಪ್ರಯೋಜನವಿಲ್ಲ, ಪಿಸುಮಾತು ಹೋಗೇ ಹೋಗುತ್ತದೆ. ಮೊಬೈಲ್ ಸ್ಟಾಫ್ ರೂಮಿನ ಟ್ರೇಗೆ.

ಸುದ್ದಿ ಕಳಿಸಲು ದಾರಿ ಮೂರೇ. ಕಾಗದವಾದರೆ 60 ಪದದೊಳಗೆ, ಅದೂ 8ರಿಂದ 12 ನಿಮಿಷ ತಡವಾಗಿ. ಬಾಯಿಮಾತಾದರೆ ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿಯೂ ಡೊಬ್ರಿನಿನ್ನೂ ವರಾಂಡದಲ್ಲಿ ಇಬ್ಬರೇ, ಬರೆದುಕೊಳ್ಳುವಂತಿಲ್ಲ. ರೇಡಿಯೊ ತಕ್ಷಣ ಮುಟ್ಟುತ್ತದೆ, ಆದರೆ ಹವಾನಾ ಸೇರಿ ಎಲ್ಲರಿಗೂ ಕೇಳಿಸುತ್ತದೆ. ಆಟದ ಜೀವ ಇರುವುದು ಈ ಮೂರನೆಯದರಲ್ಲಿ. ಕಾಗದ ಹೊತ್ತಿಗೆ ತಲುಪದು ಎಂದು ಅರಿವಾದ ಮೇಲೆ ಮಾಸ್ಕೋದ ಮಕ್ಕಳು ತಾವಾಗಿಯೇ ರೇಡಿಯೊ ಹಿಡಿಯುತ್ತಾರೆ, ಕ್ರುಶ್ಚೇವ್ 28ರಂದು ಮಾಡಿದ ಹಾಗೆ. ಹವಾನಾದವರಿಗೆ ಆಗ ಬರುವ ಸಿಟ್ಟು ನೋಡಬೇಕು. ಕ್ಯೂಬಾದ ನಾಯಕ ಕ್ಯಾಸ್ಟ್ರೊಗೂ ಒಪ್ಪಂದದ ವಿಷಯ ಮಾಸ್ಕೋ ಹೇಳುವ ಮೊದಲೇ ಸುದ್ದಿ ಸಂಸ್ಥೆಯ ಮೂಲಕ ತಿಳಿದದ್ದು. ನಮಗೆ ಕೆಲಸವೇ ಇಲ್ಲ ಸರ್ ಎಂದು ಆ ಕೊಠಡಿಯವರು ದೂರಿದರೆ ಆಟ ಸರಿಯಾಗಿ ಸಾಗಿದೆ ಎಂದೇ ತಿಳಿಯಿರಿ.

ಕ್ರುಶ್ಚೇವ್‌ರ 26ರ ಕಾಗದವನ್ನು ನಾಲ್ಕು ತುಂಡು ಮಾಡಿ. 48ನೇ ನಿಮಿಷಕ್ಕೆ ಅಂಚೆಗೆ ಬಿದ್ದದ್ದು 56ರಿಂದ 59ರೊಳಗೆ ಒಂದೊಂದೇ ತುಂಡಾಗಿ ತಲುಪಬೇಕು. 72ಕ್ಕೆ ರೇಡಿಯೊದಲ್ಲಿ ಟರ್ಕಿಯಲ್ಲಿ ಅಮೆರಿಕ ಇಟ್ಟಿದ್ದ ಜುಪಿಟರ್ ಕ್ಷಿಪಣಿಗಳನ್ನೂ ತೆಗೆಯಿರಿ ಎಂಬ ಎರಡನೆಯ ಬೇಡಿಕೆ. 78ಕ್ಕೆ ಕ್ಯೂಬಾ ಮೇಲೆ ಅಮೆರಿಕದ ಗೂಢಚಾರ ವಿಮಾನ ಯು-2 ಬಿದ್ದ ಸುದ್ದಿ. ಹವಾನಾಗೆ ಅದು ನಾಲ್ಕೈದು ನಿಮಿಷ ಮೊದಲೇ ಗೊತ್ತು. 82ಕ್ಕೆ ವರಾಂಡದ ಭೇಟಿ. 72ಕ್ಕೂ 82ಕ್ಕೂ ನಡುವೆ ವಾಷಿಂಗ್ಟನ್ ಕೊಠಡಿಯಲ್ಲಿ ಯಾರ ಮಾತೂ ಯಾರಿಗೂ ಕೇಳದಷ್ಟು ಗದ್ದಲ. ಆಗ ಒಳಗೆ ಹೋಗಬೇಡಿ.

ಇಡೀ ಆಟದಲ್ಲಿ ನನಗೆ ಹೆಮ್ಮೆ ಇರುವುದು ಮೆಟ್ಟಿಲ ಕೆಳಗಿನ ಸೋವಿಯತ್ ಜಲಾಂತರ್ಗಾಮಿ ಬಿ-59 ಬಗ್ಗೆ. ಸಣ್ಣ ಸ್ಟೋರ್ ರೂಮು, ಫ್ಯಾನ್ ಇಲ್ಲ, ಬಾಗಿಲು ಓರೆ. ಅದರ ಅಧಿಕಾರಿಗಳಾದ ಸವಿಟ್ಸ್ಕಿ, ಮಸ್ಲೆನ್ನಿಕೊವ್, ಅರ್ಖಿಪೊವ್ ಮೂವರ ಕೈಗೆ ಒಂದೇ ಚೀಟಿ: ಮಾಸ್ಕೋ ಸಂಪರ್ಕ ಕಡಿದಿದೆ, ಬ್ಯಾಟರಿ ತಗ್ಗಿದೆ, ಅಣುಸಿಡಿತಲೆಯ ಟಾರ್ಪೆಡೊ ಒಂದಿದೆ. 80ರ ಸುಮಾರಿಗೆ ಹೊರಗಿನಿಂದ ಕಬ್ಬಿಣದ ಡಬ್ಬ ಬಡಿಯಬೇಕು, ಅಮೆರಿಕದ ನೌಕೆಗಳು ನೀರಲ್ಲಿ ಸಿಡಿಸಿದ ಸಣ್ಣ ಸಿಡಿಮದ್ದಿನ ಬದಲಿಗೆ. ಇದು ಮೇಲೆ ಬನ್ನಿ ಎಂಬ ಸೂಚನೆಯಷ್ಟೇ, ಮಾಸ್ಕೋಗೆ ತಿಳಿಸಿದ್ದೇವೆ ಎಂದು ವಾಷಿಂಗ್ಟನ್ ನಂಬಿರುತ್ತದೆ. ಒಳಗಿರುವವರಿಗೆ ಆ ತಿಳಿವಳಿಕೆ ತಲುಪಿರುವುದಿಲ್ಲ. ಮೂವರೂ ಒಪ್ಪಿದರಷ್ಟೇ ಟಾರ್ಪೆಡೊ. ಕೆಲವು ಬ್ಯಾಚ್‌ಗಳಲ್ಲಿ ಒಪ್ಪಿಯೇ ಬಿಡುತ್ತಾರೆ. ಆಗ ಬೆಲ್ ಹೊಡೆಸಿ, ಆಟ ಅಲ್ಲಿಗೇ ನಿಲ್ಲಲಿ.

ದೊಡ್ಡ ತೊಡಕು ಎಂದರೆ ಯುದ್ಧ ಆಗಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವುದು. ಅಂತ್ಯ ಗೊತ್ತಿದ್ದವರು ಧೈರ್ಯವಂತರಾಗಿಬಿಡುತ್ತಾರೆ. ಕ್ಯೂಬಾದಲ್ಲಿ 42,000ದಷ್ಟು ಸೋವಿಯತ್ ಸೈನಿಕರಿದ್ದರೂ ಅಮೆರಿಕದ ಅಂದಾಜು ಅದಕ್ಕಿಂತ ಎಷ್ಟೋ ಕಡಿಮೆ ಇತ್ತಲ್ಲ, ಅಂಥ ತಪ್ಪು ಅಂಕಿಗಳನ್ನೇ ಲಕೋಟೆಯಲ್ಲಿ ಕೊಟ್ಟರೆ ಅರ್ಧ ಸರಿಹೋಗುತ್ತದೆ. ಉಳಿದರ್ಧ ಸರಿಮಾಡುವುದು ಏಳನೆಯ ಲಕೋಟೆ. ಅದರಲ್ಲೇನಿದೆ ಎಂದು ಇಲ್ಲಿ ಹೇಳುವುದಿಲ್ಲ, ನಮ್ಮ ಮಕ್ಕಳೂ ಓದುತ್ತಾರೆ.

ಖರ್ಚು: ಗಡಿಯಾರ ಎರಡಕ್ಕೆ ಮುನ್ನೂರು ಚಿಲ್ಲರೆ, ಲಕೋಟೆ ಇನ್ನೂರು, ಝೆರಾಕ್ಸ್ ಇನ್ನೂರೈವತ್ತು, ಮೊಹರು ಮತ್ತು ಪ್ಯಾಡ್ ಸೇರಿ ಒಂಬೈನೂರರ ಒಳಗೆ. ಕ್ಯೂಬಾ ನಕ್ಷೆಯ ಫ್ಲೆಕ್ಸ್‌ಗೆ ಸಾವಿರದ ಮೇಲೆ ಸುರಿಯುವುದು ದಂಡ, ಯಾರೂ ಅತ್ತ ತಲೆ ಎತ್ತುವುದಿಲ್ಲ. ಕಾಲೇಜಿನಿಂದ ಪೈಸೆ ಹುಟ್ಟುವುದಿಲ್ಲ, ಆ ಆಸೆ ಬಿಡಿ.

ನಲವತ್ತನೆಯವನು ದೆಹಲಿ. ಚೀನಾ ದಾಳಿ ಶುರುವಾದದ್ದು ಅದೇ ಅಕ್ಟೋಬರ್ 20ಕ್ಕೆ. ಅವನ ಕೆಲಸ ವಾಷಿಂಗ್ಟನ್‌ಗೆ ಬರೆಯುತ್ತಿರುವುದು. ಅವನ ಚೀಟಿ ಯಾರೂ ಒಡೆಯುವುದಿಲ್ಲ. ದೆಹಲಿಯಲ್ಲಿದ್ದ ಅಮೆರಿಕದ ರಾಯಭಾರಿ ಗಾಲ್‌ಬ್ರೇತ್‌ಗೂ ಆ ವಾರ ವಾಷಿಂಗ್ಟನ್‌ನಿಂದ ಮಾರ್ಗದರ್ಶನ ಹೆಚ್ಚೇನೂ ಸಿಕ್ಕಿರಲಿಲ್ಲ.

ಇದೇ ಧಾಟಿಯಲ್ಲಿ ಕೊರಿಯಾದ ಯುದ್ಧಕೈದಿಗಳ ಪ್ರಕರಣವನ್ನೂ ಆಡಿಸಿ ನೋಡಿದೆ. ಕೊರಿಯಾ ಯುದ್ಧ ನಿಂತ ಮೇಲೆ ಕೈದಿಗಳನ್ನು ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗ ಅದು: ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್, ಚೆಕೊಸ್ಲೊವಾಕಿಯ ಇನ್ನೊಂದು ಕಡೆ, ನಡುವೆ ಅಧ್ಯಕ್ಷ, ಭಾರತದ ಸೇನಾಧಿಕಾರಿ ಕೊಡಗಿನ ತಿಮ್ಮಯ್ಯ. ತವರಿಗೆ ಮರಳಲೊಲ್ಲದ ಕೈದಿಗಳು 22,000ಕ್ಕೂ ಹೆಚ್ಚು. ಎರಡೆರಡು ಮತ ಸಮವಾಗಿ ಪ್ರತಿ ಸಲ ತಿಮ್ಮಯ್ಯನ ಮೇಲೇ ಬೀಳುತ್ತದೆ, ಉಳಿದ ನಾಲ್ವರು ಆಕಳಿಸುತ್ತ ಕೂರುತ್ತಾರೆ. ಕೈದಿಗಳಿಗೇ ಅರ್ಧ ತರಗತಿ ಬಿಟ್ಟುಕೊಟ್ಟು, 90 ದಿನದ ಗಡುವನ್ನು 90 ನಿಮಿಷ ಮಾಡಿ ಮುಂದಿನ ಸೆಮಿಸ್ಟರ್‌ಗೆ ನೋಡಬೇಕು.