ರೀಬೋರ್ ಆದ್ಮೇಲೆ ಇಂಜಿನ್ ಬ್ಲಾಕ್ ತೊಳೆಯೋದು ಹೇಗೆ

ಲೇತ್ ಅಂಗಡಿಯಿಂದ ರೀಬೋರ್ (ಸವೆದ ಬೋರನ್ನ, ಅಂದ್ರೆ ಪಿಸ್ಟನ್ ಓಡಾಡೋ ಸಿಲಿಂಡರ್ ತೂತನ್ನ ಕೊರೆದು ದೊಡ್ಡದು ಮಾಡೋದು), ಹೋನಿಂಗ್ (ಅದರ ಒಳಗೋಡೆಗೆ ಕಲ್ಲಿಂದ ಸಣ್ಣ ಗೀರು ಹಾಕೋದು) ಮುಗಿಸ್ಕೊಂಡು ಬಂದ ಬ್ಲಾಕ್ ಫಳಫಳ ಅಂತಿರುತ್ತೆ, ಹಂಗಂತ ಒರೆಸಿ ನೇರವಾಗಿ ಪಿಸ್ಟನ್ ಕೂರಿಸೋಕೆ ಹೋಗ್ಬೇಡಿ. ಹೋನಿಂಗ್ ಗೀರುಗಳ ಒಳಗೆ ಕಬ್ಬಿಣದ ಪುಡಿ ಜೊತೆ ಹೋನಿಂಗ್ ಕಲ್ಲಿನ ಪುಡಿನೂ ಕೂತಿರುತ್ತೆ, ಇಂಜಿನ್ ಸ್ಟಾರ್ಟ್ ಆದ ತಕ್ಷಣ ಅದು ಅರ ಹಾಕಿದಂಗೆ ಪಿಸ್ಟನ್ ರಿಂಗು ಬೋರು ಎರಡನ್ನೂ ತಿನ್ನೋಕೆ ಶುರು ಮಾಡುತ್ತೆ.

ಆಯಿಲ್ ಫಿಲ್ಟರ್ ಇದ್ಯಲ್ಲ ಅಂತೀರಾ? ಫಿಲ್ಟರ್ ದಾಟಿದ ಆಯಿಲ್ ಹೋಗೋದು ಮೇನ್ ಗ್ಯಾಲರಿಗೆ (ಬ್ಲಾಕ್ ಒಳಗೆ ಕೊರೆದಿರೋ ಆಯಿಲ್ ದಾರಿ), ಅಲ್ಲಿಂದ ಕ್ರ್ಯಾಂಕ್ ಶಾಫ್ಟ್‌ನ ಹಿಡಿದಿರೋ ಮೇನ್ ಬೇರಿಂಗ್, ಆಮೇಲೆ ಕ್ರ್ಯಾಂಕ್ ಒಳಗಿನ ತೂತಲ್ಲಿ ಬಿಗ್ ಎಂಡ್‌ಗೆ (ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಗೆ ಸೇರೋ ಕಡೆ). ಗ್ಯಾಲರಿಲೇ ಚಿಪ್ಸ್ (ಲೋಹದ ಚೂರು) ಉಳಿದಿದ್ರೆ ಫಿಲ್ಟರ್ ಏನೂ ಮಾಡೋಕಾಗಲ್ಲ, ಸೀದಾ ಬೇರಿಂಗ್‌ಗೇ ಹೋಗುತ್ತೆ, ಅಲ್ಲಿರೋ ಗ್ಯಾಪೇ ಒಂದು ಕೂದಲಿನ ದಪ್ಪಕ್ಕಿಂತ ಕಮ್ಮಿ. 2024ರಲ್ಲಿ ಟೊಯೋಟಾದವರು ಅಮೆರಿಕಾದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟುಂಡ್ರಾ, ಲೆಕ್ಸಸ್ ಗಾಡಿಗಳನ್ನ ರೀಕಾಲ್ ಮಾಡಿದ್ದು ಇದೇ ಕಾರಣಕ್ಕೆ, ಫ್ಯಾಕ್ಟರಿಲಿ ಮಷೀನಿಂಗ್ ಚೂರು ಇಂಜಿನ್ ಒಳಗೇ ಉಳಿದು ಮೇನ್ ಬೇರಿಂಗ್ ಹೋಗ್ತಿತ್ತು.

ಈಗ ಕೆಲಸಕ್ಕೆ ಬನ್ನಿ. ಮೊದಲು ಗ್ಯಾಲರಿ ತುದಿ ಮುಚ್ಚಿರೋ ಪ್ಲಗ್ ಎಲ್ಲಾ ಬಿಚ್ಚಿ, ಇದನ್ನ ಬಿಡೋರೇ ಜಾಸ್ತಿ, ದಯವಿಟ್ಟು ಬಿಡ್ಬೇಡಿ. ಉದ್ದನೆ ನೈಲಾನ್ ಬ್ರಷ್‌ನ ಪ್ರತಿ ತೂತಲ್ಲೂ ಈ ಕಡೆಯಿಂದ ಆ ಕಡೆಗೆ ಎಳೀರಿ, ಕ್ರ್ಯಾಂಕ್ ಗ್ರೈಂಡಿಂಗ್ ಮಾಡ್ಸಿದ್ರೆ ಅದರ ಆಯಿಲ್ ತೂತಿಗೂ ಹಂಗೇ.

ಬೋರ್‌ಗೆ ಬರೀ ಪೆಟ್ರೋಲ್, ಡೀಸೆಲ್ ಹಾಕಿ ಒರೆಸಿದ್ರೆ ಜಿಡ್ಡು ಹೋಗುತ್ತೆ ಪುಡಿ ಹೋಗಲ್ಲ. ಬಿಸಿನೀರಿಗೆ ಸೋಪಿನ ಪುಡಿ ಕಲಸಿ ಗಟ್ಟಿ ಬ್ರಷ್‌ನಲ್ಲಿ ಚೆನ್ನಾಗಿ ಉಜ್ಜಿ, ನೊರೆ ಬೂದಿ ಬಣ್ಣಕ್ಕೆ ತಿರುಗುತ್ತೆ, ತೊಳ್ದು ಮತ್ತೆ ಉಜ್ಜಿ, ನೊರೆ ಬೆಳ್ಳಗೇ ಇರೋವರೆಗೂ. ಆಮೇಲೆ ಕಂಪ್ರೆಸರ್ ಗಾಳಿಲಿ ಒಣಗಿಸಿ, ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ, ತೂತಿಂದ ಚಿಪ್ಸ್ ಹಾರ್ಬರುತ್ತೆ. ಒಣಗಿದ ತಕ್ಷಣ ಇಂಜಿನ್ ಆಯಿಲ್ ಹಚ್ಚಿ, ತಡ ಮಾಡಿದ್ರೆ ನಿಮ್ಮ ಕಣ್ಮುಂದೆನೇ ತುಕ್ಕು ಏರುತ್ತೆ.

ಟೆಸ್ಟ್ ಇಷ್ಟೇ: ಬಿಳಿ ಬಟ್ಟೆಗೆ ಆಯಿಲ್ ಹಚ್ಚಿ ಬೋರ್ ಒಳಗೆ ಒತ್ತಿ ತಿರುಗಿಸಿ. ಬಟ್ಟೆ ಮೇಲೆ ಬೂದಿ ಗೆರೆ ಬಿತ್ತು ಅಂದ್ರೆ ಮತ್ತೆ ಸೋಪುನೀರು, ಬೇರೆ ದಾರಿ ಇಲ್ಲ. ನೂಲು ಬಿಡೋ ವೇಸ್ಟ್ ಬಟ್ಟೆ ಬೇಡ.

ಜೋಡಿಸಿದ ಮೇಲೆ ಮೊದಲ ಆಯಿಲ್ ಬೇಗ ಚೇಂಜ್ ಮಾಡಿ, ಫಿಲ್ಟರ್ ಸಮೇತ, 500 ಕಿಮೀ ಒಳಗೆ ಮಾಡಿದ್ರೆ ಒಳ್ಳೇದು. ಹಳೇ ಫಿಲ್ಟರ್ ಕತ್ತರಿಸಿ ಪೇಪರ್ ಬಿಡಿಸಿ ನೋಡಿ. ಸಣ್ಣ ಮಿನುಗು ಹೊಸ ರಿಂಗು ಕೂರುವಾಗ ಬರೋದೇ, ಅದಕ್ಕೆ ಗಾಬರಿ ಬೇಡ. ಮ್ಯಾಗ್ನೆಟ್‌ಗೆ ಅಂಟಿದ್ರೆ ಕಬ್ಬಿಣ, ಅಲ್ಯೂಮಿನಿಯಂ ಅಂಟಲ್ಲ, ಬೇರಿಂಗ್ ಲೋಹನೂ ಅಂಟಲ್ಲ. ಉಗುರಲ್ಲಿ ಎತ್ತೋವಷ್ಟು ದೊಡ್ಡ ಚೂರು, ಅದರಲ್ಲೂ ತಾಮ್ರದ ಬಣ್ಣದ್ದು ಕಂಡ್ರೆ ಗಾಡಿ ಮತ್ತೆ ಸ್ಟಾರ್ಟ್ ಮಾಡ್ಬೇಡಿ, ಸಂಪ್ (ಇಂಜಿನ್ ಕೆಳಗಿನ ಆಯಿಲ್ ತಟ್ಟೆ) ಬಿಚ್ಚಿ ಬೇರಿಂಗ್ ನೋಡಿ.