ಶೇ 100 ಇಂಗಾಲಮುಕ್ತ ವಿದ್ಯುತ್: ಕಾಯ್ದೆಯನ್ನು ಓದುವ ಬಗೆ

ಅಮೆರಿಕದ ರಾಜ್ಯಗಳು ಒಂದರ ಹಿಂದೊಂದು ಶುದ್ಧ ವಿದ್ಯುತ್ತಿಗೆ ಕಾಯ್ದೆ ಮಾಡಿಕೊಂಡಿವೆ: 2015ರಲ್ಲಿ ಹವಾಯಿ, 2018ರಲ್ಲಿ ಕ್ಯಾಲಿಫೋರ್ನಿಯಾ, 2019ರಲ್ಲಿ ವಾಷಿಂಗ್ಟನ್ ರಾಜ್ಯ, 2023ರಲ್ಲಿ ಮಿನ್ನೆಸೋಟಾ. ‘2040ಕ್ಕೆ ಶೇ 100’ ಎಂಬಂಥ ಸಾಲು ತಲೆಬರಹಕ್ಕೆ ಚೆನ್ನ. ಕಾಯ್ದೆ ಗಟ್ಟಿಯೋ ಜೊಳ್ಳೋ ಎಂಬುದು ತಿಳಿಯುವುದು ಒಳಪುಟಗಳಲ್ಲಿ.

ಮೊದಲು ವ್ಯಾಖ್ಯೆಗಳ ಭಾಗ ತೆರೆಯಿರಿ. ಹವಾಯಿ ಕೇಳುವುದು ನವೀಕರಿಸಬಹುದಾದ ಮೂಲಗಳನ್ನು; ಅಲ್ಲಿ ಪರಮಾಣು ವಿದ್ಯುತ್ತಿಗೆ ಜಾಗವಿಲ್ಲ. ಮಿನ್ನೆಸೋಟಾಕ್ಕೆ ಉತ್ಪಾದನೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಬರದಿದ್ದರೆ ಸಾಕು, ಆದ್ದರಿಂದ ಅಲ್ಲಿನ ಪರಮಾಣು ಸ್ಥಾವರಗಳೂ ಲೆಕ್ಕಕ್ಕೆ ಬರುತ್ತವೆ.

ಎರಡನೆಯದಾಗಿ, ಶೇ 100 ಎಂದರೆ ಯಾವುದರಲ್ಲಿ? ಮಿನ್ನೆಸೋಟಾ ಹಿಡಿಯುವುದು ಗ್ರಾಹಕರಿಗೆ ಮಾರಿದ ಒಟ್ಟು ವಿದ್ಯುತ್ತಿಗೆ ಸಮನಾದ ಪ್ರಮಾಣವನ್ನು. ಗಾಳಿಯಿಂದ ಹೆಚ್ಚುವರಿ ಉತ್ಪಾದಿಸಿದ ಕಂಪನಿ ಗಾಳಿ ಬೀಸದ ರಾತ್ರಿ ಅನಿಲ ಸ್ಥಾವರ ಓಡಿಸಿಯೂ ಗುರಿ ಮುಟ್ಟಬಹುದು. ಓದುಗರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ನಡುವಿನ ಮೈಲಿಗಲ್ಲುಗಳನ್ನೂ ನೋಡಿಕೊಳ್ಳಿ. ಮಿನ್ನೆಸೋಟಾದ ಖಾಸಗಿ ಕಂಪನಿಗಳಿಗೆ 2030ಕ್ಕೆ ಶೇ 80, ಸಹಕಾರಿ ಮತ್ತು ಪುರಸಭೆಯ ಸಂಸ್ಥೆಗಳಿಗೆ ಶೇ 60. 2035ಕ್ಕೆ ಎಲ್ಲರಿಗೂ ಶೇ 90. ಮೈಲಿಗಲ್ಲುಗಳಿಲ್ಲದ ಕಾಯ್ದೆ ಮುಂದೆ ಗೆದ್ದು ಬರುವವರ ತಲೆಗೆ ಕಟ್ಟಿದ ಸಾಲ.

ಇನ್ನು ದಂಡದ ಭಾಗ, ನಿಧಾನವಾಗಿ ಓದಿ. ಗುರಿ ತಪ್ಪಿದ ಕಂಪನಿಗೆ ವಾಷಿಂಗ್ಟನ್ ನಿಗದಿಪಡಿಸಿದ ಮೂಲ ದಂಡ ಪ್ರತಿ ಮೆಗಾವಾಟ್ ಗಂಟೆಗೆ 100 ಡಾಲರ್. ಕಲ್ಲಿದ್ದಲಾದರೆ ಅದು ಒಂದೂವರೆ ಪಟ್ಟು, ಅಂದರೆ 150 ಡಾಲರ್. ವ್ಯರ್ಥವಾಗುವ ಶಾಖದಿಂದಲೂ ವಿದ್ಯುತ್ ತೆಗೆಯುವ, ದಕ್ಷತೆ ಹೆಚ್ಚಿರುವ ಸಂಯುಕ್ತ ಆವರ್ತದ ಅನಿಲ ಸ್ಥಾವರಕ್ಕೆ 60. ಕಂಪನಿಯ ಲೆಕ್ಕಿಗರು ಈ ಮೊತ್ತವನ್ನು ಹೊಸ ಸೌರ ಘಟಕದ ಖರ್ಚಿನ ಪಕ್ಕದಲ್ಲಿಟ್ಟು ನೋಡುತ್ತಾರೆ. ನೀವೂ ಹಾಗೆಯೇ ನೋಡಿ.

ದಂಡದ ಪಕ್ಕದಲ್ಲೇ ಹಿಂಬಾಗಿಲೂ ಇರುತ್ತದೆ. ಪಾಲನೆಯ ಹೆಚ್ಚುವರಿ ಖರ್ಚು ವರ್ಷಕ್ಕೆ ಸರಾಸರಿ ಕಂಪನಿಯ ಮಾರಾಟದ ಆದಾಯದ ಶೇ 2ರ ಮಿತಿ ಮುಟ್ಟಿದರೆ ವಾಷಿಂಗ್ಟನ್ ಕಾಯ್ದೆ ಕಂಪನಿಯನ್ನು ಪಾಲಿಸಿದಂತೆಯೇ ಪರಿಗಣಿಸುತ್ತದೆ. ಪೂರೈಕೆಗೆ ಧಕ್ಕೆಯಾದರೆ ಅಥವಾ ದರ ಕೈಮೀರಿದರೆ ಮಿನ್ನೆಸೋಟಾದ ವಿದ್ಯುತ್ ನಿಯಂತ್ರಣ ಆಯೋಗ ಗುರಿಯನ್ನು ಮುಂದೂಡಬಹುದು. ಇದನ್ನು ಮೋಸ ಎನ್ನಲಾರೆ. ಮೈನಸ್ ಮೂವತ್ತು ಡಿಗ್ರಿಯ ಚಳಿಯಲ್ಲಿ ದೀಪ ಆರಿದರೆ ಕಾಯ್ದೆಯೇ ಉಳಿಯದು. ಆದರೆ ಬಾಗಿಲಿನ ಕೀಲಿ ಯಾರ ಕೈಯಲ್ಲಿದೆ, ತೆರೆಯುವ ಮೊದಲು ಸಾರ್ವಜನಿಕ ವಿಚಾರಣೆ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಕೊನೆಗೆ ಕಂಪನಿಗಳು ಸಲ್ಲಿಸುವ ಯೋಜನೆಗಳನ್ನು ತರಿಸಿಕೊಳ್ಳಿ. ವಾಷಿಂಗ್ಟನ್‌ನಲ್ಲಿ ನಾಲ್ಕು ವರ್ಷಕ್ಕೊಮ್ಮೆ ಅನುಷ್ಠಾನ ಯೋಜನೆ ಕೊಡಲೇಬೇಕು. ಯಾವ ಸ್ಥಾವರ ಯಾವಾಗ ಮುಚ್ಚುತ್ತದೆ, ಅದರ ಬದಲಿಗೆ ಏನು ಬರುತ್ತದೆ ಎಂದು ಹುಡುಕಬೇಕಾದದ್ದು ಆ ಕಡತಗಳಲ್ಲಿ.