ಸಭೆ (ಚರ್ಚ್) ನಡೆಸೋರು ಸೇವಕರಾಗಿರೋದು ಹೇಗೆ

ಯೇಸು ಸೇವಕನ ಹಾಗೆ ಶಿಷ್ಯರ ಕಾಲು ತೊಳೆದಿದ್ದು ಸಭೇಲಿರೋ ಎಲ್ರಿಗೂ ಗೊತ್ತು, ಆದ್ರೆ ವರ್ಷಕ್ಕೊಂದ್ಸಲ ಪವಿತ್ರ ಗುರುವಾರ (ಈಸ್ಟರ್‌ಗೆ ಮುಂಚಿನ ಗುರುವಾರ) ಕಾಲು ತೊಳೆದು ಮಿಕ್ಕ ದಿನ ಕಾಣಿಕೆ ಲೆಕ್ಕ ಕೇಳಿದೋರ ಮೇಲೆ ರೇಗಿದ್ರೆ ಏನು ಬಂತು? ನೀವು ಪಾಸ್ಟರ್ ಆಗಿರಿ, ಕಮಿಟಿ ಸೆಕ್ರೆಟರಿ ಆಗಿರಿ, ದೂರು ಕೇಳೋದ್ರಿಂದ ಶುರು ಮಾಡಿ.

ಬೈಬಲ್‌ನ ಅಪೊಸ್ತಲರ ಕೃತ್ಯಗಳು ಪುಸ್ತಕದ 6ನೇ ಅಧ್ಯಾಯ ನಿಧಾನಕ್ಕೆ ಓದಿ. ಯೆರೂಸಲೇಮಿನ ಸಭೇಲಿ ದಿನಾ ಊಟ ಹಂಚೋವಾಗ ಗ್ರೀಕ್ ಮಾತಾಡೋ ವಿಧವೆಯರನ್ನ ಬಿಟ್ಬಿಡ್ತಿದ್ರು, ಗೊಣಗಾಟ ಶುರುವಾಯ್ತು. ಅಪೊಸ್ತಲರು, ಅಂದ್ರೆ ಯೇಸುವಿನ ಮುಖ್ಯ ಶಿಷ್ಯರು, ಬಾಯಿ ಮುಚ್ಚಿಸ್ಲಿಲ್ಲ, ಎಲ್ರನ್ನೂ ಕರೆದು ನೀವೇ ಏಳು ಜನರನ್ನ ಆರಿಸಿ ಅಂದ್ರು, ಜನ ಆರಿಸಿದ ಸ್ತೆಫನ, ಫಿಲಿಪ್ಪ, ನಿಕನೋರ, ತಿಮೋನ ಎಲ್ಲಾ ಗ್ರೀಕ್ ಹೆಸರಿನೋರೇ, ಅಂದ್ರೆ ಬಹುಶಃ ದೂರು ಹೇಳಿದ ಕಡೆಯೋರ ಕೈಗೇ ಹಂಚೋ ಅಧಿಕಾರ ಹೋಯ್ತು. ನನಗೆ ಇಡೀ ಬೈಬಲ್‌ನಲ್ಲಿ ತುಂಬಾ ಇಷ್ಟವಾದ ಆಡಳಿತದ ತೀರ್ಮಾನ ಇದು. ಹಾಗಾಗಿ ನಿಮ್ ಸಭೇಲಿ ಹೊಸದಾಗಿ ಬಂದೋರು, ಬೇರೆ ಭಾಷೆಯೋರು, ಗಂಡ ತೀರ್ಕೊಂಡಿರೋರು ಏನಾದ್ರೂ ಹೇಳಿದ್ರೆ ರೇಷನ್ ಕಿಟ್ ಲಿಸ್ಟನ್ನೂ ಸ್ಟೋರ್‌ರೂಮ್ ಬೀಗದ ಕೈನೂ ಅವರಲ್ಲೇ ಒಬ್ಬರಿಗೆ ಕೊಡಿ. ಹಳೇ ಮನೆತನದೋರು ಮುನಿಸ್ಕೋತಾರೆ, ಆದ್ರೂ ಕೊಡಿ.

ದುಡ್ಡಿನ ವಿಷಯಕ್ಕೆ ಊರೂರಲ್ಲಿ ಸಭೆ ಕಟ್ಟಿದ ಅಪೊಸ್ತಲ ಪೌಲನನ್ನ ನೋಡಿ. ಯೆರೂಸಲೇಮಿನ ಬಡವರಿಗೆ ಅಂತ ಕೂಡಿಸ್ತಿದ್ದ ಹಣದ ಬಗ್ಗೆ ಯಾರೂ ಬೆರಳು ತೋರಿಸ್ಬಾರ್ದು ಅಂತ ತನ್ನ ಜೊತೆಕೆಲಸಗಾರ ತೀತನ ಜೊತೆ ಸಭೆಗಳೇ ಆರಿಸಿದ ಸಹೋದರನನ್ನೂ ಕಳಿಸಿದ (ಬೈಬಲ್‌ನ 2 ಕೊರಿಂಥ, 8ನೇ ಅಧ್ಯಾಯ). ನೀವೂ ಕಾಣಿಕೆ ಒಬ್ಬರೇ ಎಣಿಸ್ಬೇಡಿ, ಮೂರು ಜನ ಎಣಿಸಿ ಸೈನ್ ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಿ.

ಸವಲತ್ತು? ಹಳೇ ಒಡಂಬಡಿಕೇಲಿ ಬರೋ ನೆಹೆಮೀಯ 12 ವರ್ಷ ಯೆಹೂದ ನಾಡಿನ ಅಧಿಪತಿಯಾಗಿದ್ರೂ ಆ ಹುದ್ದೆಗೆ ಬರ್ಬೇಕಾದ ಊಟದ ಭತ್ಯೆ ಮುಟ್ಲಿಲ್ಲ, ಜನ ಆಗ್ಲೇ ಹೊಲ ಮನೆ ಅಡ ಇಟ್ಟು ಸಾಲದಲ್ಲಿದ್ರು, ಬಡ್ಡಿ ಬಿಡಿ ಅಂತ ಶ್ರೀಮಂತರಿಗೆ ಹೇಳೋವಾಗ ತಾನೂ ತನ್ನೋರೂ ಕೊಟ್ಟಿದ್ದ ಸಾಲವನ್ನೂ ಸೇರಿಸೇ ಹೇಳಿದ. ಸಭೆಯೋರು ಕಷ್ಟದಲ್ಲಿದ್ದಾಗ ನಿಮ್ ಕಾರು, ನಿಮ್ ಬರ್ತ್‌ಡೇ ಫಂಕ್ಷನ್ ಮುಂದಕ್ಕೆ ಹಾಕಿ.

ಇನ್ನೊಂದು, ಸೇವಕ ಅಂತ ಎಲ್ಲಾ ಕೆಲ್ಸ ತಲೆ ಮೇಲೆ ಹಾಕ್ಕೋಬೇಡಿ. ಇಸ್ರಾಯೇಲ್ಯರ ನಾಯಕ ಮೋಶೆ ಬೆಳಿಗ್ಗೆಯಿಂದ ಸಂಜೆವರೆಗೂ ನ್ಯಾಯ ಹೇಳ್ತಾ ಕೂತಿದ್ದಾಗ ಮಾವ ಇತ್ರೋ, ನೀನೂ ಬಳಲ್ತೀಯ ಜನಾನೂ ಬಳಲ್ತಾರೆ, ಹತ್ತತ್ತು ಜನಕ್ಕೆ ಒಬ್ಬನನ್ನ ನೇಮಿಸು ಅಂದ.

ನಿಮ್ ಅವಧಿ ಮುಗಿಯೋ ಮುಂಚೆ ಒಂದು ಮೀಟಿಂಗ್ ಕರೀರಿ. ಇಸ್ರಾಯೇಲ್ಯರ ಪ್ರವಾದಿ ಸಮುವೇಲ ಮುದುಕನಾದ್ಮೇಲೆ ಜನರ ಮುಂದೆ ನಿಂತು, ಯಾರ ಎತ್ತು ತಗೊಂಡೆ, ಯಾರ ಕತ್ತೆ ತಗೊಂಡೆ, ಹೇಳಿ, ವಾಪಸ್ ಕೊಡ್ತೀನಿ ಅಂದ. ನೀವೂ ಹಾಗೇ ಕೇಳಿ ಸುಮ್ನೆ ಕೂತ್ಕೊಳ್ಳಿ, ಯಾರಾದ್ರೂ ಎದ್ದು ಹೇಳಿದ್ರೆ ವಾದ ಮಾಡದೆ ಬರ್ಕೊಂಡು ಆ ವಾರದೊಳಗೆ ತೀರಿಸಿ.